ಮಂಡ್ಯಕ್ಕೆ ಹೋದ ಹೆಂಡ

೧ ಫೆಬ್ರವರಿ ೧೯೪೩, ಸೋಮವಾರ

ಇವತ್ತಿನಿಂದ ನಾನು ಸಂಬಳಗಾರ. ಮಳವಳ್ಳಿಯ ಸಾಹುಕಾರ್ ದೇವಯ್ಯನವರು ಮದ್ದೂರಿನ ಪಕ್ಕದ ನಮ್ಮ ವೈದ್ಯನಾಥಪುರದ ಈಚಲು ತೋಪನ್ನೂ ಮಂಡ್ಯದ ಹೆಂಡದಂಗಡಿಯನ್ನೂ ಒಂದೇ ಹರಾಜಿನಲ್ಲಿ ಹಿಡಿದಿದ್ದಾರೆ. ಇಲ್ಲಿಯವರೆಗೆ ಈ ತೋಪಿನ ಹೆಂಡ ಈ ತೋಪಿನಲ್ಲೇ ಮುಗಿಯುತ್ತಿತ್ತು. ಊರವರು ಬೆಳಿಗ್ಗೆ ಬಂದು ಮರದ ಬುಡದಲ್ಲಿ ಕುಡಿದು ಬಾಯಿ ಒರೆಸಿಕೊಂಡು ಗದ್ದೆಗೆ ಹೋಗುತ್ತಿದ್ದರು. ಇನ್ನು ಮೇಲೆ ಅದು ಗಾಡಿ ಹತ್ತಿ ಮಂಡ್ಯಕ್ಕೆ ಹೋಗುತ್ತದೆ. ಯುದ್ಧದ ಕಾಲ, ರೈಲಿನಲ್ಲಿ ಹೆಂಡದ ಮಡಕೆಗೆ ಯಾರು ಜಾಗ ಕೊಡುತ್ತಾರೆ? ಆದರೆ ಸಕ್ಕರೆ ಕಾರ್ಖಾನೆಯ ಆಳುಗಳ ಬಾಯಾರಿಕೆಗೆ ಯುದ್ಧ ಗಿದ್ಧ ಗೊತ್ತಿಲ್ಲವಲ್ಲ.

ನನ್ನ ಕೆಲಸ ಪ್ರತಿ ಮಡಕೆಯ ಹೆಂಡವನ್ನೂ ನಾಲಿಗೆಗೆ ಹಚ್ಚಿ ನೋಡಿ ಗಾಡಿಗೆ ಹತ್ತಿಸುವುದು. "ಕುಡಿಯಾಕೂ ಸಂಬ್ಳ ಕೊಡ್ತಾರಾ? ಅಂಗಾದ್ರೆ ನಮ್ಮೂರಲ್ಲಿ ಎಲ್ರೂ ನೌಕರ್ರೇ," ಎಂದು ಹೆಂಡತಿ ರೇವಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಇವಳು ನಕ್ಕರೆ ನನಗೂ ನಗು ಬಂದುಬಿಡುತ್ತದೆ. ಅವ್ವನಿಗೆ ಮಾತ್ರ ಇಷ್ಟವಿಲ್ಲ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುವ ಊರು, ನೀನು ಕುಡಿಯುವುದು ಹೆಂಡವೇ, ಇನ್ನೇನಂದಾರು ಎಂದಳು.

ಮರ ಹತ್ತಿ ಕೆತ್ತಿ ಹೆಂಡ ಇಳಿಸುವವನು ಹುಚ್ಚೀರಯ್ಯ. ನನಗಿಂತ ಎರಡು ವರ್ಷ ದೊಡ್ಡವನು. ಚಿಕ್ಕಂದಿನಲ್ಲಿ ಶಿಂಷೆಯ ಮಡುವಿನಲ್ಲಿ ಮುಳುಗುತ್ತಿದ್ದ ನನ್ನ ಜುಟ್ಟು ಹಿಡಿದು ಮರಳಿಗೆ ಎಳೆದು ಹಾಕಿದ್ದ. ಇವತ್ತು ಮೊದಲ ಮಡಕೆ ಇಳಿಸಿ ಸೋರೆಬುರುಡೆಗೆ ಬಗ್ಗಿಸಿ, "ನೋಡ್ಲಾ ನಿಂಗ, ಸರ್ಯಾಗದಾ?" ಎಂದು ಕಣ್ಣು ಮಿಟುಕಿಸಿದ. ಮೂಗಿನ ತುದಿಗೆ ನೊರೆ ಸಿಡಿಯಿತು. ಎಳನೀರಿನ ಸಿಹಿ, ಅದರ ಬೆನ್ನಿಗೇ ನಾಲಿಗೆಯನ್ನು ಚಿವುಟುವ ಚುರುಕು. ಹುರಿದ ಅವರೆಕಾಳು ಬಾಯಿಗೆ ಹಾಕಿಕೊಂಡೆ. ಇದಕ್ಕಿಂತ ಸುಖದ ನೌಕರಿ ಯಾವ ಕಚೇರಿಯಲ್ಲಿದೆ?

೮ ಫೆಬ್ರವರಿ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಎದೆಯೊಳಗೆ ಕುದಿಯುತ್ತದೆ.

ಸಾಹುಕಾರರು ಹೇಳಿಕಳಿಸಿದರು ಅಂತ ಮಂಡ್ಯಕ್ಕೆ ಹೋದೆ. ಅಂಗಡಿ ಇರುವ ಬೀದಿಯಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಮೂಗಿನೊಳಗೇ ಮನೆ ಮಾಡುತ್ತದೆ. ನಾನು ಕಾಲಿಟ್ಟ ಹೊತ್ತಿಗೆ ಒಬ್ಬ ಆಳು ತುಂಬಿದ ಕುಡಿಕೆಯನ್ನು ಗೋಡೆಗೆ ಎಸೆದ.

"ಇದು ಹೆಂಡವಾ? ಕಲಗಚ್ಚು ಕಣ್ಲಾ ಇದು!"

"ಮದ್ದೂರೋರು ಸಿಂಸಾ ಒಳೆನೇ ತುಂಬ್ಸಿ ಕಳ್ಸವ್ರೆ," ಎಂದು ಇನ್ನೊಬ್ಬ ಬೆಂಚು ಒದ್ದ. ದೇವಯ್ಯನವರು ನನ್ನ ಕೊರಳಪಟ್ಟಿ ಹಿಡಿದು ಒಳಗೆ ಎಳೆದು ಕುಡಿಕೆಯನ್ನು ಬಾಯಿಗೆ ಒತ್ತಿದರು. ಕುಡಿದೆ. ಬೆಳಿಗ್ಗೆ ನಾನೇ ನೋಡಿ ಹತ್ತಿಸಿದ ಹೆಂಡ. ಹುಳಿ ಬಂದಿದ್ದರೆ ಬೇರೆ ಮಾತು, ಹಳಸಿದ ಹೆಂಡ ಹುಳಿಯಾಗುವುದು ಎಳೆಮಗುವಿಗೂ ಗೊತ್ತು. ಇದು ಹುಳಿಯಲ್ಲ. ನೊರೆಯಿಲ್ಲ, ಕಂಪಿಲ್ಲ, ಸಿಹಿ ಎಲ್ಲಿ ಹೋಯಿತೋ ಕಾಣೆ, ತಳದಲ್ಲಿ ಒಂದಿಷ್ಟು ಕಹಿ. ನೀರು ಹಾಕಿದ ಹಾಲಿನ ಹಾಗೆ ಬೋಳು ಬೋಳು. ಹಸು ಕಟ್ಟಿದ ಮನೆಯಲ್ಲಿ ಹುಟ್ಟಿದವನು ನಾನು. ನೀರು ಬೆರೆಸಿದ್ದು ನನಗೆ ತಿಳಿಯುವುದಿಲ್ಲವೇ?

"ನೀರು," ಎಂದೆ. ಅಂದದ್ದೇ ತಡ, ಅಷ್ಟು ಜನರ ಮುಂದೆ ಕೆನ್ನೆಗೆ ಬಾರಿಸಿದರು.

"ಕಳ್ಳನ್ನ ಇಡ್ಕ ಬಂದು ನನ್ ಮುಂದೆ ನಿಲ್ಸು. ಇಲ್ದಿದ್ರೆ ನೀನೇ ಕಳ್ಳ ಅಂತ ಕೈಕಾಲು ಮುರ್ಸಿ ಅಳ್ಳಕ್ಕೆ ಎಸೀತೀನಿ. ತಿಳೀತಾ?"

ಆಳುಗಳು ನಕ್ಕರು. ಪೆಟ್ಟಿಗಿಂತ ಆ ನಗು ಉರಿಯಿತು. ಮನೆಗೆ ಬಂದು ರೇವಿಗೆ ಹಲ್ಲುನೋವು ಎಂದೆ. ಅವಳು ಲವಂಗ ತಂದುಕೊಟ್ಟಳು.

೧೦ ಫೆಬ್ರವರಿ

ಹುಚ್ಚೀರಯ್ಯನನ್ನು ಕೇಳಿದೆ. ಮರದ ಮೇಲೆಯೇ ಇದ್ದ, ಸೊಂಟದ ಹಗ್ಗಕ್ಕೆ ಒರಗಿಕೊಂಡು ನನ್ನ ಮಾತು ಕೇಳಿದ. ಅಲ್ಲಿಂದಲೇ ಉಗಿದ.

"ನೀರಾ? ನನ್ ಎಂಡಕ್ಕಾ? ಪಟ್ಟಲದಮ್ಮನಾಣೆ ಕಣ್ಲಾ, ಒಂದ್ ತೊಟ್ಟು ಆಕಿದ್ರೆ ಈ ಮರದಿಂದ್ಲೇ ಬಿದ್ ಸಾಯ್ತೀನಿ."

"ಮಂಡ್ಯದಲ್ಲಿ ನಾನೇ ಕುಡಿದೆ. ನೀರೇ."

"ಮಂಡ್ಯದಲ್ಲಿ ಅದು ಎಂಗಿರ್ತದೋ ನಾ ಕಂಡಿಲ್ಲ. ನಾ ಮರದ್ ಬುಡ ಬುಟ್ಟು ಇನ್ನೆಲ್ಲೂ ಕುಡ್ದೋನೇ ಅಲ್ಲ. ಇಲ್ಲಿ ಸರ್ಯಾಗಿದ್ದದ್ದು ಅಲ್ಲಿ ಸರ್ಯಾಗಿಲ್ಲ ಅಂದ್ರೆ ದಾರೀಲೇ ಯಾರೋ ಕೈಯಾಡ್ಸವ್ರೆ. ಇನ್ನೇನು?"

ಅವನ ಮಾತು ಸರಿ ಎನಿಸಿತು. ಅವನ ಹೆಂಡತಿ ಅಂಕಮ್ಮ ಮುದ್ದೆ ತಂದಿದ್ದಳು, ನನಗೂ ಅರ್ಧ ಮುರಿದು ಕೊಟ್ಟಳು. ತಿನ್ನುತ್ತಾ ಯೋಚಿಸಿದೆ. ದಾರಿಯಲ್ಲಿ ಮಡಕೆಯ ಹತ್ತಿರ ಇರುವವನು ಒಬ್ಬನೇ, ಗಾಡಿ ಹೊಡೆಯುವ ಮಾದಯ್ಯ.

೧೩ ಫೆಬ್ರವರಿ

ಮಾದಯ್ಯ ಮಂಡ್ಯದ ದಾರಿಯಲ್ಲಿ ಹನಕೆರೆಯ ಬಾವಿಯ ಹತ್ತಿರ ಗಾಡಿ ನಿಲ್ಲಿಸುತ್ತಾನೆಂದು ಗೊತ್ತಾಗಿ, ನಾನು ಮೊದಲೇ ಹೋಗಿ ಹುಣಸೆಮರದ ಹಿಂದೆ ನಿಂತಿದ್ದೆ. ಅವನು ಬಂದ. ನೀರು ಸೇದಿ ಎತ್ತುಗಳಿಗೆ ಕುಡಿಸಿದ. ಆಮೇಲೆ ಇನ್ನೊಂದು ಕೊಡ ಸೇದಿ ಗಾಡಿ ಹತ್ತಿ ಮಡಕೆಗಳ ಮೇಲೆ ಸುರಿದ! ಕಣ್ಣಾರೆ ಕಂಡೆ.

ಹೋಗಿ ಕಾಲು ಹಿಡಿದು ಕೆಳಕ್ಕೆ ಎಳೆದೆ. ಮುಖ ಅಡಿಯಾಗಿ ಬಿದ್ದ. "ಗೋಣಿ ನೆನೆಸ್ತಾ ಇದ್ದೆ ಕಣಣ್ಣ, ಬಿಸ್ಲಿಗೆ ಮಡ್ಕೆ ಕಾಯ್ತದೆ ಅಂತ. ಮಡ್ಕೆ ಬಾಯಿ ಕಟ್ಟೇ ಅದೆ ನೋಡಿ, ಬಟ್ಟೆ ಬಿಚ್ಚಿಲ್ಲ!" ಎಂದು ಕೂಗಿದ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಪಾಳಕ್ಕೆ, ಬಾಯಿಗೆ, ಪಕ್ಕೆಗೆ. ತುಟಿ ಹರಿದು ಒಂದು ಹಲ್ಲು ಮಣ್ಣಿಗೆ ಬಿತ್ತು. ಅವನು ಅದನ್ನು ಹುಡುಕಿ ಎತ್ತಿಕೊಂಡು ಅಂಗೈಯಲ್ಲಿಟ್ಟು ನೋಡುತ್ತಾ ಕೂತ. ನಾನು ಹುಣಸೆಮರದ ಹಿಂದೆ ಹೋಗಿ ವಾಂತಿ ಮಾಡಿದೆ.

ಇದುವರೆಗೆ ಒಂದು ಕರುವಿಗೂ ಹೊಡೆದವನಲ್ಲ. ಬೆರಳ ಗೆಣ್ಣು ಊದಿಕೊಂಡು ಪೆನ್ಸಿಲು ಹಿಡಿಯಲು ಆಗುತ್ತಿಲ್ಲ. ಟವೆಲಿನ ಮೇಲೆ ರಕ್ತ ನೋಡಿ ಅವ್ವ, "ಯಾರ್ದಪ್ಪ ಇದು?" ಎಂದಳು. ಮಾದಯ್ಯನದು ಎಂದೆ. "ಅವ್ನ ಮನೇಲಿ ಬಾಣಂತಿ ಅವ್ಳೆ ಕಣೋ," ಎಂದಳು, ಅಷ್ಟೇ. ಇವತ್ತು ನಾನು ಉಣ್ಣಲಿಲ್ಲ. ನನಗೆ ನಾಚಿಕೆಯಾಗುತ್ತಿದೆ. ಆದರೆ ಕಂಡದ್ದು ಕಂಡದ್ದೇ.

೧೬ ಫೆಬ್ರವರಿ

ಮಂಡ್ಯದಲ್ಲಿ ಮತ್ತೆ ನೀರು ಎಂಬ ಗಲಾಟೆ. ಕುಡಿದ ಕೋತಿಗೆ ಚೇಳು ಕಡಿದ ಹಾಗೆ ಆಳುಗಳು ಅಂಗಡಿಗೆ ನುಗ್ಗಿದರು. ಒಬ್ಬ ದೊಡ್ಡ ಹರವಿಯನ್ನು ಎತ್ತಿ ನೆಲಕ್ಕೆ ಕುಕ್ಕಿದ. ಇನ್ನೊಬ್ಬ ಅದರ ಚೂರು ತೆಗೆದುಕೊಂಡು ಸಾಹುಕಾರರ ಕಡೆ ಬಂದ. ನಾನು ಮೂಲೆಯಲ್ಲಿದ್ದ ದೊಣ್ಣೆಯಿಂದ ಅವನ ತಲೆಗೆ ಕೊಟ್ಟೆ. ಹೆಂಡವೂ ರಕ್ತವೂ ಒಟ್ಟಿಗೆ ಚರಂಡಿಗೆ ಹರಿದವು. ಸಾಹುಕಾರರು ಬೆನ್ನು ತಟ್ಟಿ, "ಪರ್ವಾಗಿಲ್ಲ ಕಣ್ಲಾ, ನೀನು ಗಂಡ್ಸೇ," ಎಂದರು. ಆಳುಗಳು ಯಾರೂ ನಗಲಿಲ್ಲ.

ಈ ಸಲ ವಾಂತಿ ಬರಲಿಲ್ಲ. ಬಾರುಕೋಲು ಒಂದು ಕೊಟ್ಟಿದ್ದಾರೆ, ಹಿಡಿಗೆ ತಾಮ್ರದ ಕಟ್ಟು ಇದೆ. ಚೆನ್ನಾಗಿದೆ.

೧೮ ಫೆಬ್ರವರಿ

ಇವತ್ತು ಒಂದು ತೀರ್ಮಾನ ಆಗಲಿ ಎಂದು ನಾನೇ ಮಾದಯ್ಯನ ಪಕ್ಕ ಗಾಡಿಯಲ್ಲಿ ಕೂತೆ. ಹುಚ್ಚೀರಯ್ಯ ಇಳಿಸಿದ್ದನ್ನು ಮರದ ಬುಡದಲ್ಲೇ ಕುಡಿದು ನೋಡಿದೆ. ಎರಡು ಬುರುಡೆ ಕುಡಿದೆ, ಒಂದಕ್ಕೆ ನಂಬಿಕೆ ಸಾಲದು. ಎಂದಿನಂತೆ ಸಿಹಿ, ಎಂದಿನಂತೆ ನೊರೆ. ಮಡಕೆಯ ಬಾಯಿಗೆ ಬಾಳೆಲೆ ಮುಚ್ಚಿ, ಬಟ್ಟೆ ಕಟ್ಟಿ, ಮೇಲೆ ಜೇಡಿಮಣ್ಣು ಮೆತ್ತಿ ನನ್ನ ಹೆಬ್ಬೆಟ್ಟು ಒತ್ತಿದೆ. ಹನಕೆರೆಯಲ್ಲಿ ನಿಲ್ಲಿಸಲು ಬಿಡಲಿಲ್ಲ. ಎತ್ತುಗಳು ಜೊಲ್ಲು ಸುರಿಸಿದವು, ಬಲಗಡೆಯದು ಮುಗ್ಗರಿಸಿತು, ಬಾರುಕೋಲಿನಿಂದ ನಾನೇ ಎಬ್ಬಿಸಿದೆ. ಮಾದಯ್ಯ ಬಗ್ಗಿ ಅದರ ಬೆನ್ನು ಸವರಿದ. ದಾರಿಯುದ್ದಕ್ಕೂ ಗಾಡಿ ಕುಲುಕಿದಾಗೆಲ್ಲ ಮಡಕೆಯೊಳಗೆ ಹೆಂಡ ದಡಬಡ ಎನ್ನುತ್ತಿತ್ತು.

ಮಂಡ್ಯದಲ್ಲಿ ಮಣ್ಣು ನಾನೇ ಒಡೆದೆ. ನಾನೇ ಬಗ್ಗಿಸಿ ಕುಡಿದೆ.

ನೀರು. ಅದೇ ಬೋಳು ನೀರು, ಅದೇ ಕಹಿ.

ಮಾದಯ್ಯ ಊದಿದ ತುಟಿಯಲ್ಲೇ ಕೇಳಿದ, "ನಿಂಗಯ್ನೋರೆ, ಇವತ್ತು ಬಾವಿ ತಾವ ನಿಲ್ಸಿಲ್ಲ. ಮಣ್ಣು ಒಡ್ದಿಲ್ಲ. ಪಕ್ಕದಲ್ಲಿ ನೀವೇ ಕುಂತಿದ್ರಿ. ಇವತ್ತು ಕಳ್ಳ ಯಾರು?"

ನಗಲಿಲ್ಲ ಅವನು. ನಕ್ಕಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಬಾರುಕೋಲಿನ ಹಿಡಿಯಿಂದಲೇ ಹೊಡೆದೆ. ಗಾಡಿಯ ಕೆಳಗೆ ನುಸುಳಿದ, ಅಲ್ಲಿಗೂ ಹೋಗಿ ಹೊಡೆದೆ. ಅವನ ಎಡಗಿವಿಯಿಂದ ರಕ್ತ ಬಂತು. ಬೀದಿಯ ಜನ ಬಂದು ಬಿಡಿಸಿದರು.

ಮಣ್ಣು ಒಡೆದಿರಲಿಲ್ಲ ಎಂದು ಮೇಲೆ ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಹಾಗಾದರೆ ಹುಚ್ಚೀರಯ್ಯನೇ. ಮರದ ಬುಡದಲ್ಲಿ ನನ್ನ ನಾಲಿಗೆಗೇ ಮಣ್ಣೆರಚುವ ಯಾವುದೋ ಮದ್ದು ಅವನಿಗೆ ಗೊತ್ತಿರಬೇಕು. ಅವನನ್ನು ಬಿಟ್ಟರೆ ಉಳಿಯುವವನು ನಾನೊಬ್ಬನೇ.

೧೯ ಫೆಬ್ರವರಿ

ಗೂಟದ ಮೇಲಿನ ಟವೆಲು ತೆಗೆಯಲು ಕೈ ಎತ್ತಿದರೆ ರೇವಿ ತಲೆಗೆ ಎರಡೂ ಕೈ ಅಡ್ಡ ಇಟ್ಟುಕೊಂಡು ಕುಕ್ಕರಿಸಿದಳು. ಇವಳಿಗೆ ಏನಾಗಿದೆಯೋ. ಮೊನ್ನೆ ಸಾರಿಗೆ ಉಪ್ಪು ಜಾಸ್ತಿಯಾಗಿದ್ದಕ್ಕೆ ಒಂದು ಕೊಟ್ಟದ್ದು ನಿಜ, ಅದನ್ನೇ ಇಷ್ಟು ದಿನ ಹಿಡಿದುಕೊಂಡು ಕೂರುವುದೇ? ಅವ್ವನೂ ಮಾತು ಬಿಟ್ಟಿದ್ದಾಳೆ. ಹೆಂಗಸರ ಬುದ್ಧಿ.

೨೦ ಫೆಬ್ರವರಿ

ಮುಗಿಯಿತು. ಒಪ್ಪಿಕೊಂಡ.

ಸಾಹುಕಾರರ ಇಬ್ಬರು ಆಳುಗಳೊಂದಿಗೆ ಬೆಳಿಗ್ಗೆಯೇ ತೋಪಿಗೆ ಹೋದೆ. ಹುಚ್ಚೀರಯ್ಯ ಮರ ಇಳಿದು ಬುರುಡೆ ಮುಂದೆ ಹಿಡಿದ. ತಟ್ಟಿ ಬೀಳಿಸಿದೆ. ಅದೇ ಮರಕ್ಕೆ ಅವನದೇ ಹಗ್ಗದಿಂದ ಕಟ್ಟಿಸಿದೆ. ಅವನು ಇನ್ನೂ ತಮಾಷೆ ಎಂದೇ ತಿಳಿದಿದ್ದ. "ಏನ್ಲಾ ನಿಂಗ ಇದು, ಬುಡ್ಲಾ," ಎಂದ. ಲಾ ಎನ್ನಬೇಡ ಎಂದು ಮೊದಲ ಏಟು ಕೊಟ್ಟೆ. ಆಮೇಲೆ ಅಯ್ಯಾ ಎಂದ. ದಂಡಂ ದಶಗುಣಂ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಬೆನ್ನಿನ ಚರ್ಮ ಎದ್ದು ಬಂದರೂ ನೀರು ಹಾಕಿಲ್ಲ, ನೀರು ಹಾಕಿಲ್ಲ ಎಂಬ ಒಂದೇ ಪಾಠ. ಅಂಕಮ್ಮ ಓಡಿ ಬಂದು ನನ್ನ ಕಾಲಿಗೆ ಬಿದ್ದಳು. ಆಳು ಅವಳನ್ನು ಜುಟ್ಟು ಹಿಡಿದು ಆಚೆಗೆ ಎಳೆದ. ನಾನು ಹುಚ್ಚೀರಯ್ಯನ ಬಲಗೈಯನ್ನು ಬುಡದ ಕಲ್ಲಿನ ಮೇಲೆ ಇಡಿಸಿದೆ. ಕೆತ್ತುವ ಮಚ್ಚು ಅಲ್ಲೇ ಇತ್ತು. ತಿರುಗಿಸಿ ಹಿಂಭಾಗದಿಂದ ಮುಂಗೈಯ ಮೇಲೆ ಹೊಡೆದೆ. ಹಸಿ ಕಟ್ಟಿಗೆ ಮುರಿದ ಸದ್ದು. ಎರಡನೆಯದಕ್ಕೆ ಅವನು ಉಚ್ಚೆ ಮಾಡಿಕೊಂಡ. ಮೂರನೆಯದಕ್ಕೆ ಮಚ್ಚು ಎತ್ತಿದಾಗ, "ಬೆರ್ಸಿದ್ದೀನಿ, ಬೆರ್ಸಿದ್ದೀನಿ ಕಣಯ್ಯಾ, ನೀನೇನಂದ್ರೂ ಅದೇ," ಎಂದು ಕಿರುಚಿದ.

ನೋಡಿ, ಎಷ್ಟು ಸುಲಭ. ಇದನ್ನು ಮೊದಲೇ ಹೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ? ಕೈ ಇನ್ನು ಮರ ಹಿಡಿಯುವುದಿಲ್ಲ ಎಂದು ಆಳುಗಳು ಹೇಳಿದರು. ತನ್ನ ತಪ್ಪಿಗೆ ತಾನೇ ಹೊಣೆ. ಮನಸ್ಸು ಹಗುರವಾಗಿದೆ. ತೋಪಿನಲ್ಲೇ ಕೂತು ಹೊಟ್ಟೆ ತುಂಬ ಕುಡಿದೆ. ಮನೆಗೆ ಬಂದು ಚೆನ್ನಾಗಿ ಊಟ ಮಾಡಿದೆ.

೨೬ ಫೆಬ್ರವರಿ

ಹೊಸಬನೊಬ್ಬ ಮರ ಹತ್ತುತ್ತಿದ್ದಾನೆ. ಮಂಡ್ಯಕ್ಕೆ ಹೋಗಿ ಕುಡಿದು ನೋಡಿದೆ. ನೀರೇ. ಹೊಸಬನನ್ನೂ ವಿಚಾರಿಸಲೇ ಎಂದು ಸಾಹುಕಾರರನ್ನು ಕೇಳಿದೆ. ಅವರು ಎಲೆಯಡಿಕೆ ಮೆಲ್ಲುತ್ತಾ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ಅಂಗಡಿ ತುಂಬ ಜನ, ಕೂರಲು ಜಾಗವಿಲ್ಲ.

"ಬುಡ್ಲಾ ಅತ್ಲಾಗೆ. ನೆನ್ನೆ ಇಲ್ಲೇ ಪಕ್ಕದ್ ತೋಪಿಂದ ಆಗ್ತಾನೆ ಇಳ್ಸಿದ್ದು ತರ್ಸಿದ್ದೆ, ಮೇಲೆಲ್ಲಾ ನೊರೆ. ಈ ನನ್ಮಕ್ಳು ಏನಂದ್ರು ಗೊತ್ತಾ? 'ಇದೇನು ಪಾನ್ಕವಾ ಸಾವ್ಕಾರ್ರೆ? ನಮ್ಗೆ ಮದ್ದೂರ್ ಎಂಡನೇ ಬೇಕು' ಅಂದ್ರು!" ಎಂದು ಹೊಟ್ಟೆ ಕುಲುಕಿಸಿ ನಕ್ಕರು. "ಗಾಡೀಲಿ ಕುಲುಕಿ ಬಂದ ರುಚಿನೇ ಒಗ್ಗೋಗದೆ ಅವ್ರಿಗೆ. ಇನ್ ಮ್ಯಾಲೆ ಅಂಗೇ ಬರ್ಲಿ. ಒಂದ್ ಚೂರೂ ಬದ್ಲಾಗ್ಬಾರ್ದು."

"ಹಂಗಾದ್ರೆ ಹುಚ್ಚೀರಯ್ಯ?" ಎಂದೆ.

"ಯಾವ್ ಹುಚ್ಚೀರಯ್ಯ?"

ದಾರಿಯಲ್ಲಿ ಎಲ್ಲೂ ಕೂರದೆ ನಡೆದುಕೊಂಡೇ ಊರಿಗೆ ಬಂದೆ.

೨ ಮಾರ್ಚ್

ಇವತ್ತು ಸಂಜೆ ಪಟ್ಟಲದಮ್ಮನ ಗುಡಿಯ ಮುಂದೆ ನ್ಯಾಯ. ಅಂಕಮ್ಮ ಪಟೇಲ ತಿಮ್ಮಯ್ಯನವರಿಗೆ ದೂರು ಕೊಟ್ಟಿದ್ದಳಂತೆ. ಊರು ಪೂರ್ತಿ ಸೇರಿತ್ತು, ಹೆಂಗಸರ ಜೊತೆ ಅವ್ವನೂ ಇದ್ದಳು. ಹುಚ್ಚೀರಯ್ಯನ ಕೈಗೆ ಬಿದಿರ ದಬ್ಬೆ ಕಟ್ಟಿದ್ದರು. ಬೆರಳುಗಳು ಕಪ್ಪಾಗಿ ಊದಿ ಬದನೆಕಾಯಿಯಾಗಿದ್ದವು, ಹತ್ತಿರ ಹೋದರೆ ಕೊಳೆತ ವಾಸನೆ. ಅವನು ದೇವಿಯ ಮುಂದಿನ ದೀಪವನ್ನು ಎಡಗೈಯಲ್ಲಿ ಆರಿಸಿ, ನಾನು ನೀರು ಬೆರೆಸಿಲ್ಲ ಎಂದು ಆಣೆ ಮಾಡಿದ. ದೀಪ ಆರಿಸಿ ಸುಳ್ಳು ಹೇಳಿದರೆ ಮನೆಯೇ ಆರುತ್ತದೆ ಎಂಬುದು ನಮ್ಮಲ್ಲಿ ನಂಬಿಕೆ. ಊರು ಒಪ್ಪಿತು.

ಪಟೇಲರು ಹೇಳಿದರು, "ಮುರ್ದ ಕೈ ಮತ್ತೆ ಬರಾಕಿಲ್ಲ. ಆಣೆ ಆಯ್ತು. ಇನ್ನು ಇಬ್ರೂ ಒಂದಾಗೋ ಕೂಡಾವಳಿ ಆಗ್ಲಿ. ಅವ್ರು ಕೊಟ್ಟದ್ದ ನೀನು ಕುಡ್ದು, ಇದರಾಗೆ ನೀರಿಲ್ಲ ಅಂತ ಒಂದ್ ಮಾತು ಅನ್ನು ನಿಂಗಯ್ಯ. ಆ ಮಾತಿದ್ರೆ ಅವ್ನ ಮೈದುನನಾದ್ರೂ ಈ ತೋಪು ಮಾಡ್ಕ ತಿಂತಾನೆ. ಕಳ್ಳ ಅನ್ಸ್ಕಂಡ ಮನೇಗೆ ಯಾರೂ ಮರ ಕೊಡಾಕಿಲ್ಲ."

ಅಂಕಮ್ಮ ಬುರುಡೆ ಹಿಡಿದು ಬಂದಳು. ಅವಳ ಕಣ್ಣು ನೋಡಿ ವಿಷವಿರಬಹುದು ಎನಿಸಿತು. "ಮೊದಲು ಅವನು ಕುಡಿಯಲಿ," ಎಂದೆ. ಜನ ಗುಜುಗುಜು ಎಂದರು. ಹುಚ್ಚೀರಯ್ಯ ಬಗ್ಗಿ, ಹೆಂಡತಿಯ ಕೈಯಲ್ಲಿದ್ದ ಬುರುಡೆಗೇ ಬಾಯಿಟ್ಟು ಕುಡಿದ. ಆಮೇಲೆ ನಾನು ಕುಡಿದೆ.

ಮೈದುನ ಆಗ ತಾನೇ ಇಳಿಸಿದ್ದಿರಬೇಕು. ನೊರೆ ಮೂಗಿಗೆ ಹತ್ತಿತು. ಅಷ್ಟು ಒಳ್ಳೆಯ ಹೆಂಡ ನಾನು ಈ ವರ್ಷವೇ ಕುಡಿದಿಲ್ಲ.

"ಎಂಗದೆ?" ಎಂದರು ಪಟೇಲರು.

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಸರಿಯಾಗಿದೆ ಎಂದರೆ ಆ ಕೈ ಏನು? ಮಾದಯ್ಯನ ಕಿವಿ ಏನು? ಇಷ್ಟೆಲ್ಲ ಮಾಡಿದವನು ಯಾರಾಗುತ್ತಾನೆ? ನನ್ನ ಸ್ಥಾನದಲ್ಲಿ ನಿಂತಿದ್ದವರಿಗೆ ಮಾತ್ರ ಗೊತ್ತು.

"ನೀರು ಬೆರೆತಿದೆ," ಎಂದೆ.

ಹುಚ್ಚೀರಯ್ಯ ಮಣ್ಣಿನ ಮೇಲೆ ಕೂತುಬಿಟ್ಟ. ಗುಂಪಿನಿಂದ ಅವ್ವ ಎದ್ದು ಬಂದು ನನ್ನ ಕೈಯಿಂದ ಬುರುಡೆ ಕಸಿದುಕೊಂಡಳು. ಜನ್ಮದಲ್ಲಿ ಹೆಂಡ ಮುಟ್ಟದವಳು ಗಟಗಟನೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಪಟೇಲರ ಕಡೆ ತಿರುಗಿ, "ಇವ್ನು ಉಟ್ಟಾಗ ಈ ಸುಳ್ಳು ನಾಲ್ಗೆಗೆ ನಾನೇ ಜೇನು ತೀಡಿದ್ದು ಕಣಪ್ಪ. ನಂದೇ ತಪ್ಪು," ಎಂದಳು. ಹೋಗಿ ಅಂಕಮ್ಮನ ಪಕ್ಕ ಕೂತಳು. ಮಗನ ಕಡೆ ಒಂದು ಸಲವೂ ನೋಡಲಿಲ್ಲ.

ಎದ್ದು ಬಂದೆ. ಯಾರೂ ತಡೆಯಲಿಲ್ಲ.

ಈಗ ರೇವಿ ಒಲೆಯ ಮುಂದೆ ಕೂತಿದ್ದಾಳೆ. ಬೀದಿಯಲ್ಲಿ ಅವ್ವನ ದನಿ. ನನ್ನನ್ನು ಕರೆಯುತ್ತಿಲ್ಲ. "ರೇವಿ, ಬಾರವ್ವ, ಓಗಾನ. ಉಟ್ಟ ಸೀರೇಲೇ ಬಾ," ಎನ್ನುತ್ತಿದ್ದಾಳೆ. ಜೊತೆಗೆ ಇನ್ನೂ ನಾಲ್ಕಾರು ಹೆಂಗಸರು ಇದ್ದ ಹಾಗಿದೆ. ರೇವಿ ಎದ್ದಳು. ಕೂತ್ಕೋ ಎಂದೆ, ಕೂತಳು. ಅವ್ವ ಬಾಗಿಲು ಬಡಿಯುತ್ತಿದ್ದಾಳೆ. ಹೆಂಗಸರ ಮೇಲೆ ಕೈ ಮಾಡುವವನಲ್ಲ ನಾನು, ಅದನ್ನು ಇಲ್ಲಿ ಬರೆದಿಡುತ್ತೇನೆ.

ರೇವಿ ಮತ್ತೆ ಎದ್ದಿದ್ದಾಳೆ. ಅಗುಳಿಗೆ ಕೈ ಹಾಕಿದ್ದಾಳೆ. ಪೆನ್ಸಿಲು ಕೆಳಗಿಡಬೇಕು.